ಕೂಗಲಾರದ ರೋಗಿಯ ಕಾವಲು: ತಲೆ–ಕುತ್ತಿಗೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಐಸಿಯು ಆರೈಕೆ, ಹಂತ ಹಂತವಾಗಿ

ಎಂಟು ಹತ್ತು ಗಂಟೆ ಆಪರೇಷನ್ ಥಿಯೇಟರಿನ ಹೊರಗೆ ಕುಳಿತ ಮನೆಯವರ ಬಳಿ ಡಾಕ್ಟರು ಬಂದು, "ಆಪರೇಷನ್ ಚೆನ್ನಾಗಿ ಆಗಿದೆ, ಈಗ ಐಸಿಯುಗೆ ಕಳಿಸುತ್ತಿದ್ದೇವೆ" ಎನ್ನುತ್ತಾರೆ. ಮೊದಲರ್ಧ ಮಾತು ಕಿವಿಗೆ ಬೀಳುವುದೇ ಇಲ್ಲ, ಐಸಿಯು ಎಂಬುದೊಂದೇ ಉಳಿಯುತ್ತದೆ. ಕೆನ್ನೆ, ನಾಲಿಗೆ, ದವಡೆ, ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರನ್ನು ಅಲ್ಲಿಗೆ ಹಾಕುವುದು ಏನೋ ಕೆಟ್ಟದ್ದಾಗಿದೆ ಎಂದಲ್ಲ. ಬಹುತೇಕ ಕಡೆ ಅದು ಆಪರೇಷನ್ನಿಗೆ ಮೊದಲೇ ಗೊತ್ತುಮಾಡಿದ ಏರ್ಪಾಡು.

ಹೊಟ್ಟೆಯ ಆಪರೇಷನ್ ಆದವರು ನರಳಬಲ್ಲರು, ಸಿಸ್ಟರನ್ನು ಕೂಗಬಲ್ಲರು. ಈ ರೋಗಿಗಳಿಗೆ ಅದೂ ಇಲ್ಲ. ನಾಲಿಗೆಯ ಒಂದು ಭಾಗ ಹೋಗಿರಬಹುದು, ಗಂಟಲಿನಲ್ಲಿ ನಳಿಕೆ ಇರುವುದರಿಂದ ಗಾಳಿ ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಮುಖ ಊದಿದೆ. ಉಸಿರು ಕಟ್ಟಿದರೂ ಸದ್ದಿಲ್ಲದೆ ಕಟ್ಟುತ್ತದೆ. ಹಾಗಾಗಿ ಮೊದಲ ಎರಡು ಮೂರು ದಿನ ಅವರ ಪರವಾಗಿ ಬೇರೊಬ್ಬರು ನೋಡುತ್ತಲೇ ಇರಬೇಕು. ಐಸಿಯುನ ಯಂತ್ರಗಳಿಗಿಂತ ಅಲ್ಲಿರುವ ಕಣ್ಣುಗಳು ಈ ರೋಗಿಗೆ ಹೆಚ್ಚು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ: ಬಾಗಿಲ ಹೊರಗೆ ಕುಳಿತ ಮನೆಯವರು, ಮತ್ತು ಇಂಥ ರೋಗಿಯನ್ನು ಮೊದಲ ಸಲ ನೋಡಿಕೊಳ್ಳಲಿರುವ ನರ್ಸ್.

ಎಲ್ಲರಿಗೂ ಐಸಿಯು ಬೇಕಿಲ್ಲ. ನಾಲಿಗೆಯ ಅಂಚಿನ ಸಣ್ಣ ಗಡ್ಡೆ ತೆಗೆದು, ಒಂದು ಬದಿಯ ಕುತ್ತಿಗೆಯ ಗ್ರಂಥಿಗಳನ್ನಷ್ಟೇ ತೆಗೆದವರಿಗೆ ಚುರುಕಾದ ವಾರ್ಡೇ ಸಾಕಾಗಬಹುದು. ದವಡೆ ಮೂಳೆ ತೆಗೆದು ಬೇರೆ ಕಡೆಯ ಮಾಂಸ ತಂದು ಕೂಡಿಸಿದವರು, ಗಂಟಲಿಗೆ ನಳಿಕೆ ಹಾಕಿಸಿಕೊಂಡವರು, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು, ಮೊದಲೇ ರೇಡಿಯೇಷನ್ ತೆಗೆದುಕೊಂಡವರು ಐಸಿಯುಗೆ ಹೋಗುವುದು ಸರಿ. ಅಲ್ಲಿಗೆ ಹೋದವರೆಲ್ಲ ವೆಂಟಿಲೇಟರ್‌ನಲ್ಲೇ ಇರುತ್ತಾರೆ ಎಂದೂ ಅಲ್ಲ. ಎರಡು ಮೂರು ದಿನ ನಿದ್ರೆಯ ಔಷಧ ಕೊಟ್ಟು ಮಲಗಿಸಿಡುವ ಹಳೆಯ ರೂಢಿ ಕೆಲವು ಕಡೆ ಇನ್ನೂ ಇದೆ. ಅದರಿಂದ ನ್ಯುಮೋನಿಯಾ ಮತ್ತು ಭ್ರಮೆ ಹೆಚ್ಚುತ್ತವೆಯೇ ಹೊರತು ಹೊಲಿಗೆ ಬೇಗ ಕೂಡುವುದಿಲ್ಲ. ವಿಶೇಷ ಕಾರಣವಿಲ್ಲದಿದ್ದರೆ ಮರುದಿನ ಬೆಳಿಗ್ಗೆ ರೋಗಿ ಎಚ್ಚರವಾಗಿದ್ದು ತಾವೇ ಉಸಿರಾಡುತ್ತಿರಬೇಕು.

ಹಂತ 1: ಆಪರೇಷನ್ನಿಗೆ ಮೊದಲೇ ಮಾಡಬೇಕಾದ್ದು

ಐಸಿಯು ಆರೈಕೆ ಆಪರೇಷನ್ನಿನ ಹಿಂದಿನ ವಾರವೇ ಶುರುವಾಗುತ್ತದೆ. ಮೊದಲನೆಯ ಕೆಲಸ ನಿಜ ಹೇಳುವುದು. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಯಾವಾಗ ಕುಡಿದರು, ಗುಟ್ಕಾ, ಕಡ್ಡಿಪುಡಿ, ಬೀಡಿ ಎಷ್ಟು ಎಂದು ಅರಿವಳಿಕೆ ಡಾಕ್ಟರು ಕೇಳಿದಾಗ ಮನೆಯವರು ಮುಖ ಮುಖ ನೋಡಿಕೊಂಡು "ಅಪರೂಪಕ್ಕೆ ಸಾರ್" ಎನ್ನುತ್ತಾರೆ. ಆ "ಅಪರೂಪ" ಆಪರೇಷನ್ ಆದ ಎರಡನೆಯ ಅಥವಾ ಮೂರನೆಯ ರಾತ್ರಿ ನಡುಕ, ಬೆವರು, ಭ್ರಮೆಯಾಗಿ ಹೊರಬರುತ್ತದೆ. ಆ ಹೊತ್ತಿನಲ್ಲಿ ರೋಗಿ ಗಂಟಲಿನ ನಳಿಕೆಯನ್ನು ಕಿತ್ತುಕೊಂಡರೆ ಪ್ರಾಣಕ್ಕೇ ಕುತ್ತು. ಮಾನ ಹೋಗುತ್ತದೆ ಎಂಬ ಅಂಜಿಕೆ ಇದ್ದರೆ ಡಾಕ್ಟರನ್ನು ಪಕ್ಕಕ್ಕೆ ಕರೆದಾದರೂ ಹೇಳಿ.

ಎರಡನೆಯದು ಮಾತಿನ ವ್ಯವಸ್ಥೆ. ಎಚ್ಚರವಾದಾಗ ದನಿ ಇರುವುದಿಲ್ಲ ಎಂಬುದನ್ನು ರೋಗಿಗೆ ಮೊದಲೇ ತಿಳಿಸಿರಬೇಕು. ಓದುಬರಹ ಬಲ್ಲವರಿಗೆ ಸ್ಲೇಟು ಅಥವಾ ದಪ್ಪ ಪೆನ್ನು, ಪುಸ್ತಕ. ಬಾರದವರಿಗೆ ರಟ್ಟಿನ ಮೇಲೆ ಚಿತ್ರಗಳು: ಕಫ, ನೋವು, ಮೂತ್ರ, ಚಳಿ, ಬಾಯಾರಿಕೆ, ಮಗ್ಗುಲು ಬದಲಿಸಿ, ಮನೆಯವರನ್ನು ಕರೆಯಿರಿ. ಹೌದು ಎಂದರೆ ಒಂದು ಸಲ ಕೈ ಒತ್ತುವುದು, ಇಲ್ಲ ಎಂದರೆ ಎರಡು ಸಲ ಎಂದು ಮನೆಯಲ್ಲೇ ಅಭ್ಯಾಸ ಮಾಡಿಸಿ. ಕನ್ನಡಕ, ಶ್ರವಣ ಸಾಧನ ಇದ್ದರೆ ಹೆಸರು ಬರೆದು ಸಿಸ್ಟರ್ ಕೈಗೆ ಕೊಡಿ. ಮುಂಗೈಯಿಂದ ಚರ್ಮ ತೆಗೆಯುವುದಿದ್ದರೆ ಸಾಮಾನ್ಯವಾಗಿ ಬರೆಯದ ಕೈಯನ್ನೇ ಆರಿಸುತ್ತಾರೆ. ರೋಗಿ ಎಡಗೈಯಲ್ಲಿ ಬರೆಯುವವರಾದರೆ ಅದನ್ನು ಮೊದಲೇ ಹೇಳಬೇಕು. ಚರ್ಮ ತೆಗೆಯಲಿರುವ ಕೈಯಿಂದ ರಕ್ತ ತೆಗೆಯಲು, ಅದಕ್ಕೆ ಡ್ರಿಪ್ ಹಾಕಲು ಬಿಡಬೇಡಿ.

ಹಣದ ಮಾತು ಚುಟುಕಾಗಿ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಸಿಗುತ್ತದೆ. ಪಡಿತರ ಚೀಟಿ, ಆಧಾರ್, ರೆಫರಲ್ ಕಾಗದಗಳನ್ನು ದಾಖಲಾಗುವ ಮೊದಲೇ ಸರಿಮಾಡಿಕೊಳ್ಳಿ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಸಂಸ್ಥೆಗಳಲ್ಲಿ ಸರದಿ ಉದ್ದ. ಆಪರೇಷನ್ ದಿನ ಐಸಿಯು ಹಾಸಿಗೆ ಕಾದಿರಿಸಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹಂತ 2: ಥಿಯೇಟರಿನಿಂದ ಬಂದ ಮೊದಲ ಗಂಟೆ

ಹಾಸಿಗೆ ಒಳಗೆ ಬರುತ್ತಿದ್ದಂತೆ ಎಲ್ಲರೂ ಮಾನಿಟರ್ ತಂತಿ ಅಂಟಿಸಲು ಓಡುತ್ತಾರೆ. ತಂತಿ ಅಂಟಿಸಲಿ, ಆದರೆ ಶಸ್ತ್ರಚಿಕಿತ್ಸಕರೂ ಅರಿವಳಿಕೆ ತಜ್ಞರೂ ವರದಿ ಒಪ್ಪಿಸಿ ಮುಗಿಸುವವರೆಗೆ ನರ್ಸ್ ಅವರನ್ನು ಬಿಡಬಾರದು. ಕೇಳಿ ಬರೆದುಕೊಳ್ಳಬೇಕಾದವು ಇವು: ಉಸಿರಿನ ನಳಿಕೆ ಯಾವುದು, ಅಳತೆ ಎಷ್ಟು, ಹೊಲಿದಿದ್ದಾರೆಯೇ, ಥಿಯೇಟರಿನಲ್ಲಿ ನಳಿಕೆ ಹಾಕುವುದು ಕಷ್ಟವಾಗಿತ್ತೇ, ಫ್ಲಾಪ್ (ಗಡ್ಡೆ ತೆಗೆದ ಜಾಗಕ್ಕೆ ಬೇರೆ ಕಡೆಯಿಂದ ತಂದು ಕೂಡಿಸಿದ ಮಾಂಸ) ಎಲ್ಲಿಂದ ತಂದದ್ದು, ಅದರ ರಕ್ತನಾಳ ಕುತ್ತಿಗೆಯ ಯಾವ ಬದಿಯಲ್ಲಿದೆ, ಡ್ರೇನ್ (ಗಾಯದೊಳಗೆ ಸೇರುವ ರಕ್ತ, ನೀರನ್ನು ಹೊರಗೆಳೆಯುವ ಕೊಳವೆ) ಎಷ್ಟು, ಎಲ್ಲೆಲ್ಲಿ, ಕತ್ತನ್ನು ಯಾವ ಕಡೆಗೆ ತಿರುಗಿಸಬಾರದು, ರಕ್ತ ಎಷ್ಟು ಹೋಯಿತು, ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಈ ಕೊನೆಯದನ್ನು ಹಾಸಿಗೆಯ ತಲೆಯ ಬಳಿ ದಪ್ಪ ಅಕ್ಷರದಲ್ಲಿ ಅಂಟಿಸಬೇಕು. ತಲೆಯ ಕಡೆ 30 ಡಿಗ್ರಿ ಎತ್ತರಿಸಿರಬೇಕು. ಊತ ಇಳಿಯಲು ಇಷ್ಟು ಸುಲಭದ ಔಷಧ ಬೇರೊಂದಿಲ್ಲ.

ಹಂತ 3: ಉಸಿರಿನ ದಾರಿ

ಈ ರೋಗಿಗಳಲ್ಲಿ ಮೊದಲ ಭಯ ಉಸಿರಿನದೇ. ಬಾಯಿ, ನಾಲಿಗೆಬುಡ, ಗಂಟಲಿನ ಊತ ಆಪರೇಷನ್ ಮುಗಿದ ಕೂಡಲೇ ಗರಿಷ್ಠವಾಗಿರುವುದಿಲ್ಲ. 24ರಿಂದ 72 ಗಂಟೆಗಳ ಒಳಗೆ ಏರುತ್ತದೆ. ನಮ್ಮ ಕಡೆಯಂತೂ ಅಡಿಕೆ, ಹೊಗೆಸೊಪ್ಪನ್ನು ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳುವ ಅಭ್ಯಾಸದಿಂದ ಅದೇ ಜಾಗದ ಕ್ಯಾನ್ಸರ್ ಹೆಚ್ಚು. ಅಡಿಕೆಯಿಂದ ಬಾಯೊಳಗಿನ ಚರ್ಮ ಬಿಗಿದು, ಎರಡು ಬೆರಳೂ ತೂರದಷ್ಟು ಬಾಯಿ ಮುಚ್ಚಿಕೊಂಡ ರೋಗಿಗಳೂ ಬಹಳ. ಇಂಥವರಲ್ಲಿ ಒಮ್ಮೆ ನಳಿಕೆ ಜಾರಿದರೆ ಬಾಯಿಯ ಮೂಲಕ ಮತ್ತೆ ಹಾಕುವುದು ನುರಿತ ಕೈಗೂ ಪರೀಕ್ಷೆ. ಆದ್ದರಿಂದಲೇ ಒಂದೋ ಮೂಗಿನ ನಳಿಕೆಯನ್ನು ಆ ರಾತ್ರಿ ಹಾಗೆಯೇ ಉಳಿಸುತ್ತಾರೆ, ಇಲ್ಲವೇ ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಟ್ರಾಕಿಯಾಸ್ಟಮಿ ನಳಿಕೆ ಹಾಕುತ್ತಾರೆ.

ಟ್ರಾಕಿಯಾಸ್ಟಮಿ ಆದವರೂ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಸಿಕೊಂಡವರೂ ನೋಡಲು ಒಂದೇ ಥರ ಕಾಣುತ್ತಾರೆ. ಇಬ್ಬರ ಕುತ್ತಿಗೆಯಲ್ಲೂ ತೂತು. ಆದರೆ ಮೊದಲನೆಯವರಿಗೆ ಬಾಯಿ, ಮೂಗಿನಿಂದ ಶ್ವಾಸಕೋಶಕ್ಕೆ ದಾರಿ ಇನ್ನೂ ಇದೆ. ಎರಡನೆಯವರಿಗೆ ಅದು ಶಾಶ್ವತವಾಗಿ ಮುಚ್ಚಿದೆ. ಅವರ ಮೂಗಿಗೆ ಆಮ್ಲಜನಕದ ಮಾಸ್ಕ್ ಹಾಕಿದರೆ ಗೋಡೆಗೆ ಹಾಕಿದಂತೆಯೇ. ಬ್ರಿಟನ್ನಿನ ರಾಷ್ಟ್ರೀಯ ಟ್ರಾಕಿಯಾಸ್ಟಮಿ ಸುರಕ್ಷತಾ ಯೋಜನೆ ಇದಕ್ಕಾಗಿಯೇ ಹಾಸಿಗೆಯ ತಲೆಬದಿಗೆ ಎರಡು ಬಣ್ಣದ ಫಲಕ ತಂದಿದೆ: ಟ್ರಾಕಿಯಾಸ್ಟಮಿಗೆ ಹಸಿರು, ಧ್ವನಿಪೆಟ್ಟಿಗೆ ಇಲ್ಲದವರಿಗೆ ಕೆಂಪು. ಮುದ್ರಿತ ಫಲಕ ಇಲ್ಲದಿದ್ದರೆ ಕೆಂಪು ಕಾಗದದ ಮೇಲೆ "ಬಾಯಿ–ಮೂಗಿನಿಂದ ಉಸಿರಿಲ್ಲ, ಕುತ್ತಿಗೆಗೇ ಆಮ್ಲಜನಕ ಕೊಡಿ" ಎಂದು ಬರೆದು ಅಂಟಿಸಿದರೂ ಆಯಿತು.

ಹಾಸಿಗೆಯ ಪಕ್ಕದಲ್ಲೇ, ಬೀಗ ಹಾಕಿದ ಕಪಾಟಿನಲ್ಲಲ್ಲ, ಕೈಗೆಟುಕುವಂತೆ ಇರಬೇಕಾದವು: ಅದೇ ಅಳತೆಯ ಇನ್ನೊಂದು ನಳಿಕೆ, ಒಂದು ಅಳತೆ ಸಣ್ಣದು, ರಂಧ್ರ ಅಗಲಿಸುವ ಡೈಲೇಟರ್, ಕೆಲಸ ಮಾಡುವ ಸಕ್ಷನ್ (ಕಫ ಎಳೆಯುವ ಯಂತ್ರ), ಆಂಬು ಬ್ಯಾಗ್ (ಕೈಯಿಂದ ಅದುಮಿ ಉಸಿರು ಕೊಡುವ ಚೀಲ), ಆಮ್ಲಜನಕ, ಹತ್ತು ಮಿಲಿ ಸಿರಿಂಜ್, ಕತ್ತರಿ. ಪ್ರತಿ ಪಾಳಿಯ ಶುರುವಿನಲ್ಲಿ ಇವನ್ನು ಕೈಯಿಂದ ಮುಟ್ಟಿ ನೋಡಬೇಕು. ಸಕ್ಷನ್ ಯಂತ್ರ ಇರುವುದು ಬೇರೆ, ಅದು ಎಳೆಯುವುದು ಬೇರೆ.

ಸಕ್ಷನ್ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಂಟೆಗೊಮ್ಮೆ ಎಂಬ ಲೆಕ್ಕಕ್ಕಿಂತ ಅಗತ್ಯ ನೋಡಿ ಮಾಡುವುದು ಒಳ್ಳೆಯದು: ಗೊರಗೊರ ಸದ್ದು, ಕೆಮ್ಮು, ಆಮ್ಲಜನಕದ ಅಂಕಿ ಇಳಿಯುವುದು, ರೋಗಿಯ ಚಡಪಡಿಕೆ. ಮೊದಲ ದಿನ ಕಫದ ಜೊತೆ ರಕ್ತವೂ ಇರುವುದರಿಂದ ಪದೇ ಪದೇ ಬೇಕಾಗುತ್ತದೆ. ಮೊದಲು ರೋಗಿಗೆ ಹೇಳಿ, ಆಮ್ಲಜನಕ ಹೆಚ್ಚಿಸಿ. ಸಕ್ಷನ್ ಕೊಳವೆಯ ದಪ್ಪ ನಳಿಕೆಯ ಒಳವ್ಯಾಸದ ಅರ್ಧಕ್ಕಿಂತ ಹೆಚ್ಚಿರಬಾರದು. 8ನೇ ನಂಬರಿನ ನಳಿಕೆಗೆ 12ನೇ ನಂಬರಿನ ಕೊಳವೆ, 7ಕ್ಕೆ 10 ಎಂದು ನೆನಪಿಟ್ಟುಕೊಂಡರೆ ಸಾಕು. ಎಳೆತದ ಒತ್ತಡ 80ರಿಂದ 120 ಮಿಲಿಮೀಟರ್ ಪಾದರಸ. ಒಳಗೆ ಹೋಗುವಾಗ ಎಳೆತ ಬೇಡ, ಹೊರಗೆ ತೆಗೆಯುವಾಗ ಮಾತ್ರ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಇಷ್ಟು ಹೊತ್ತು ರೋಗಿಗೂ ಉಸಿರಿಲ್ಲ ಎಂಬುದನ್ನು ಮರೆಯದಿರಲು ನೀವೂ ಉಸಿರು ಬಿಗಿಹಿಡಿದು ನೋಡಿ. ಗಟ್ಟಿ ಕಫ ಸಡಿಲವಾಗಲಿ ಎಂದು ಪ್ರತಿ ಸಲವೂ ನಳಿಕೆಗೆ ಸಲೈನ್ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಮೂಗು ಮಾಡುತ್ತಿದ್ದ ತೇವ, ಬೆಚ್ಚಗೆ ಮಾಡುವ ಕೆಲಸವನ್ನು ಈಗ ನಾವು ಮಾಡಬೇಕು: ತೇವಗೊಳಿಸಿದ ಆಮ್ಲಜನಕ, ನಳಿಕೆಯ ಬಾಯಿಗೆ ಸಿಕ್ಕಿಸುವ ಫಿಲ್ಟರ್, ಸಲೈನ್ ನೆಬ್ಯುಲೈಸರ್. ಇದು ಸರಿಯಾಗಿದ್ದರೆ ಕಫ ಗಟ್ಟಿಯಾಗುವುದೇ ಕಡಿಮೆ. ಒಳನಳಿಕೆ (ನಳಿಕೆಯ ಒಳಗೆ ಕೂರುವ, ಬೇರೆಯಾಗಿ ತೆಗೆಯಬಹುದಾದ ನಳಿಕೆ) ಇದ್ದರೆ ಪಾಳಿಗೊಮ್ಮೆಯಾದರೂ ತೆಗೆದು ತೊಳೆಯಬೇಕು, ಕಫ ಹೆಚ್ಚಿದ್ದರೆ ಇನ್ನೂ ಬೇಗ. ನಳಿಕೆಯ ತುದಿಯ ಗಾಳಿಚೀಲದ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿರಬೇಕು. ಬೆರಳಿನಿಂದ ಒತ್ತಿ ಅಂದಾಜು ಮಾಡುವುದು ಬೇಡ, ಮೀಟರ್ ಇದೆ.

ನಳಿಕೆಯನ್ನು ಕುತ್ತಿಗೆಯ ಸುತ್ತ ಲಾಡಿಯಿಂದ ಕಟ್ಟುವುದು ಎಲ್ಲ ಕಡೆಯ ವಾಡಿಕೆ. ಇಲ್ಲಿ ಮಾತ್ರ ಎಚ್ಚರ. ಫ್ಲಾಪಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯಲ್ಲೇ ಹಾದುಹೋಗುವುದರಿಂದ ಬಿಗಿಯಾದ ಲಾಡಿ ಅವನ್ನು ಅದುಮಬಹುದು. ಇಂಥವರಿಗೆ ನಳಿಕೆಯನ್ನು ಚರ್ಮಕ್ಕೇ ಹೊಲಿದಿರುತ್ತಾರೆ. ಲಾಡಿ ಇಲ್ಲವಲ್ಲ ಎಂದು ಹೊಸ ನರ್ಸ್ ಒಳ್ಳೆಯ ಮನಸ್ಸಿನಿಂದಲೇ ಬಿಗಿಯಾಗಿ ಕಟ್ಟಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಫ್ಲಾಪ್ ನೀಲಿಯಾಗಿರುತ್ತದೆ.

ನಳಿಕೆ ಕಟ್ಟಿಕೊಂಡಿದೆ, ರೋಗಿ ಒದ್ದಾಡುತ್ತಿದ್ದಾರೆ ಎಂದರೆ ಕ್ರಮ ಹೀಗೆ:

1. ಕೂಗಿ ಸಹಾಯ ಕರೆಯಿರಿ. ರೋಗಿಯನ್ನು ಬಿಟ್ಟು ಓಡಬೇಡಿ.
2. ಮುಖಕ್ಕೂ ಕುತ್ತಿಗೆಗೂ, ಎರಡೂ ಕಡೆ ಆಮ್ಲಜನಕ ಕೊಡಿ. ಕೆಂಪು ಫಲಕದವರಿಗೆ ಕುತ್ತಿಗೆಗೆ ಮಾತ್ರ.
3. ಒಳನಳಿಕೆ ತೆಗೆಯಿರಿ. ಅನೇಕ ಸಲ ತೊಂದರೆ ಅಲ್ಲೇ ಇರುತ್ತದೆ.
4. ಸಕ್ಷನ್ ಕೊಳವೆ ಸಲೀಸಾಗಿ ಒಳಗೆ ಹೋಗುತ್ತದೆಯೇ ನೋಡಿ. ಹೋದರೆ ಕಫ ಎಳೆಯಿರಿ.
5. ಹೋಗದಿದ್ದರೆ ಗಾಳಿಚೀಲದ ಗಾಳಿ ತೆಗೆಯಿರಿ.
6. ಆಗಲೂ ಉಸಿರು ಬಾರದಿದ್ದರೆ ಆ ನಳಿಕೆಯಿಂದ ಉಪಯೋಗವಿಲ್ಲ. ಹೊಲಿಗೆ ಕತ್ತರಿಸಿ ತೆಗೆಯಬೇಕು. ಬಂದ ಡಾಕ್ಟರು ರಂಧ್ರದಿಂದಲೋ ಮೇಲಿನಿಂದಲೋ ಉಸಿರು ಕೊಡುತ್ತಾರೆ.

ಮೊದಲ ಕೆಲವು ದಿನ ರಂಧ್ರದ ದಾರಿ ಗಟ್ಟಿಯಾಗಿರುವುದಿಲ್ಲ. ಜಾರಿದ ನಳಿಕೆಯನ್ನು ಕುರುಡಾಗಿ ತುರುಕಿದರೆ ಅದು ಶ್ವಾಸನಾಳದ ಬದಲು ಅದರ ಮುಂದಿನ ಮಾಂಸದೊಳಗೆ ಹೋಗುತ್ತದೆ. ಮೊದಲ ಬಾರಿ ನಳಿಕೆ ಬದಲಿಸುವುದು ಶಸ್ತ್ರಚಿಕಿತ್ಸಕರ ಕೆಲಸ.

ಮನೆಯವರಿಗೆ ಇಲ್ಲಿ ಒಂದು ಮಾತು. ಹಣೆಗೆ ವಿಭೂತಿ, ಕುಂಕುಮ ಹಚ್ಚುವ ಆಸೆ ಇದ್ದರೆ ಸಿಸ್ಟರನ್ನು ಕೇಳಿ ಹಣೆಗೆ ಮಾತ್ರ ಹಚ್ಚಿ. ಕುತ್ತಿಗೆಯ ಹತ್ತಿರ ಪುಡಿ ಉದುರಿದರೆ ಅದು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ತೀರ್ಥವನ್ನೂ ತುಟಿಗೆ ಬಿಡಬೇಡಿ. ಒಂದೇ ಹನಿಯಾದರೂ ನುಂಗುವ ಶಕ್ತಿ ಇಲ್ಲದವರಿಗೆ ಅದು ದಾರಿ ತಪ್ಪುತ್ತದೆ.

ಹಂತ 4: ಫ್ಲಾಪನ್ನು ಕಾಯುವುದು

ಗಡ್ಡೆಯ ಜೊತೆ ಕೆನ್ನೆ, ನಾಲಿಗೆ, ದವಡೆ ಹೋದ ಜಾಗವನ್ನು ದೇಹದ ಬೇರೆ ಕಡೆಯ ಚರ್ಮ, ಮಾಂಸ, ಮೂಳೆಯಿಂದ ತುಂಬುವುದಕ್ಕೆ ಫ್ಲಾಪ್ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಎದೆಯ ಸ್ನಾಯುವನ್ನು ಅದರ ರಕ್ತನಾಳ ಕಡಿಯದೆ ಕೊರಳೆಲುಬಿನ ಮೇಲಿನಿಂದ ತಿರುಗಿಸಿ ತರುವುದು ಒಂದು. ಅಮೆರಿಕದ ಸ್ಟೀಫನ್ ಆರಿಯನ್ 1979ರಲ್ಲಿ ವಿವರಿಸಿದ ಈ ವಿಧಾನ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕೈಹಿಡಿಯುವ ವಿಧಾನ. ಇನ್ನೊಂದು ಮುಂಗೈ, ತೊಡೆ ಅಥವಾ ಕಾಲಿನ ಫಿಬುಲಾ ಮೂಳೆಯನ್ನು ಪೂರ್ತಿ ಬಿಡಿಸಿ ತಂದು, ಅದರ ಎರಡು ಮೂರು ಮಿಲಿಮೀಟರಿನ ನಾಳಗಳನ್ನು ಸೂಕ್ಷ್ಮದರ್ಶಕದಡಿ ಕುತ್ತಿಗೆಯ ನಾಳಗಳಿಗೆ ಹೊಲಿಯುವುದು. ಫಿಬುಲಾದಿಂದ ಕೆಳದವಡೆ ಕಟ್ಟುವುದನ್ನು ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದರು.

ಗಂಟೆಗೊಮ್ಮೆ ನೋಡಬೇಕಾದ್ದು ಎರಡನೆಯ ಬಗೆಯದು. ಮೊದಲ 24 ಗಂಟೆ ಪ್ರತಿ ಗಂಟೆ, ನಂತರ ಎರಡು ಗಂಟೆಗೊಮ್ಮೆ, ಮೂರನೆಯ ದಿನದಿಂದ ನಾಲ್ಕು ಗಂಟೆಗೊಮ್ಮೆ ಎಂಬುದು ಸಾಮಾನ್ಯ ಕ್ರಮ. ಕೆಡುವ ಫ್ಲಾಪುಗಳಲ್ಲಿ ಬಹುಪಾಲು ಮೊದಲ ಎರಡು ಮೂರು ದಿನಗಳಲ್ಲೇ ಸೂಚನೆ ಕೊಡುತ್ತವೆ. ಬೇಗ ಗೊತ್ತಾದರೆ ಮತ್ತೆ ಥಿಯೇಟರಿಗೆ ಒಯ್ದು ಹೆಪ್ಪು ತೆಗೆದು ಉಳಿಸಿಕೊಳ್ಳಬಹುದು. ಬೆಳಿಗ್ಗೆ ರೌಂಡ್ಸ್‌ವರೆಗೆ ಕಾದರೆ ಕೈಬಿಟ್ಟಂತೆ.

ನೋಡುವುದು ಹೇಗೆ? ಐಸಿಯುನ ಹಳದಿ ಮಬ್ಬು ದೀಪದಲ್ಲಿ ಬಣ್ಣ ತಿಳಿಯುವುದಿಲ್ಲ. ಬಿಳಿ ಬೆಳಕಿನ ಟಾರ್ಚ್ ಬೇಕು. ತೊಡೆಯ ಚರ್ಮ ಬಾಯೊಳಗೆ ಬಂದಾಗ ಸುತ್ತಲಿನ ಗುಲಾಬಿ ಬಣ್ಣಕ್ಕೆ ಹೋಲಿಸಿದರೆ ಅದು ಹೇಗೂ ಬೇರೆಯೇ ಕಾಣುತ್ತದೆ. ಹೋಲಿಸಬೇಕಾದ್ದು ರೋಗಿಯ ಇನ್ನೊಂದು ತೊಡೆಗೆ. ಕಪ್ಪು ಮೈಬಣ್ಣದವರಲ್ಲಿ ಬಣ್ಣವನ್ನೇ ನೆಚ್ಚಿದರೆ ಮೋಸ ಹೋಗುತ್ತೇವೆ. ಮುಟ್ಟಿ ನೋಡಿ: ಬೆಚ್ಚಗಿದೆಯೇ, ಮೆತ್ತಗಿದೆಯೇ, ಉಬ್ಬಿ ಬಿಗಿದಿದೆಯೇ. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಶಸ್ತ್ರಚಿಕಿತ್ಸಕರು ಹೊಲಿಗೆಯಿಂದ ಗುರುತು ಮಾಡಿದ ಜಾಗದಲ್ಲಿ ಕೈ ಡಾಪ್ಲರ್ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಪುಟ್ಟ ಯಂತ್ರ) ಇಟ್ಟರೆ ನಾಡಿಯ ಸದ್ದು ಕೇಳಬೇಕು. ಸಂಶಯ ಉಳಿದರೆ ಡಾಕ್ಟರು ಸಣ್ಣ ಸೂಜಿಯಿಂದ ಚುಚ್ಚಿ ನೋಡುತ್ತಾರೆ. ಕೆಂಪು ರಕ್ತ ನಿಧಾನವಾಗಿ ಬಂದರೆ ನೆಮ್ಮದಿ.

ಕೆಡುವ ರೀತಿಯೂ ಎರಡು. ರಕ್ತ ಒಳಗೇ ಬರದಿದ್ದರೆ ಫ್ಲಾಪ್ ಬಿಳಿಚಿ, ತಣ್ಣಗಾಗಿ, ಸೊರಗುತ್ತದೆ, ಒತ್ತಿದರೆ ಬಣ್ಣ ಮರಳುವುದಿಲ್ಲ, ಚುಚ್ಚಿದರೂ ರಕ್ತವಿಲ್ಲ. ಇದಕ್ಕಿಂತ ಹೆಚ್ಚು ಕಾಣುವುದು ಇನ್ನೊಂದು: ಒಳಗೆ ಬಂದ ರಕ್ತ ಹೊರಹೋಗಲಾರದ್ದು. ಗದ್ದೆಗೆ ನೀರು ಬರುವ ತೂಬು ತೆರೆದು, ಹೊರಹೋಗುವ ಕಂಡಿ ಮುಚ್ಚಿದಂತೆ. ಫ್ಲಾಪ್ ಉಬ್ಬಿ ನೇರಳೆಗೆ ತಿರುಗುತ್ತದೆ, ಒತ್ತಿದರೆ ಬಣ್ಣ ಕಣ್ಣು ಮಿಟುಕಿಸುವುದರೊಳಗೆ ಮರಳುತ್ತದೆ, ಚುಚ್ಚಿದರೆ ಕಪ್ಪು ರಕ್ತ ಚಿಮ್ಮುತ್ತದೆ. ಬಣ್ಣ ಬೇಗ ಮರಳಿತು, ಒಳ್ಳೆಯದೇ ಆಯಿತು ಎಂದು ಹೊಸಬರು ಬರೆದಿಡುವುದು ಇಲ್ಲಿಯೇ. ನಾಳದ ಮೇಲೆ ಡಾಪ್ಲರ್ ಸದ್ದು ಇನ್ನೂ ಕೇಳುತ್ತಿರಬಹುದು, ಅದೂ ಸಮಾಧಾನವಲ್ಲ. "ಹೋದ ಗಂಟೆಗಿಂತ ಏನೋ ಬೇರೆ ಕಾಣುತ್ತಿದೆ" ಎಂಬ ಅನುಮಾನ ಸಾಕು, ಫೋನ್ ಮಾಡಿ. ರಾತ್ರಿ ಎರಡು ಗಂಟೆಗೆ ಫೋನ್ ಬಂದದ್ದಕ್ಕೆ ಸಿಡುಕುವ ಶಸ್ತ್ರಚಿಕಿತ್ಸಕರಿದ್ದರೆ ಅದು ಅವರ ತಪ್ಪು, ನಿಮ್ಮದಲ್ಲ.

ಎದೆಯಿಂದ ತಂದ ಫ್ಲಾಪಿಗೆ ಇಷ್ಟು ಸೂಕ್ಷ್ಮ ಕಾವಲು ಬೇಡ. ಆದರೆ ಕೊರಳೆಲುಬಿನ ಮೇಲೆ ಹಾದುಬಂದ ಅದರ ಬುಡದ ಮೇಲೆ ಬಿಗಿ ಬ್ಯಾಂಡೇಜ್, ಮಾಸ್ಕಿನ ಎಲಾಸ್ಟಿಕ್, ದಿಂಬಿನ ಅಂಚು ಯಾವುದೂ ಒತ್ತಬಾರದು. ಮಾಂಸ ಕೊಟ್ಟ ಜಾಗವನ್ನೂ ಮರೆಯಬೇಡಿ: ಮುಂಗೈಯಿಂದ ತೆಗೆದಿದ್ದರೆ ಆ ಕೈಯ ಬೆರಳುಗಳು, ಕಾಲಿನಿಂದ ತೆಗೆದಿದ್ದರೆ ಪಾದದ ಬೆರಳುಗಳು ಬೆಚ್ಚಗಿದ್ದು ಅಲುಗಾಡುತ್ತಿವೆಯೇ ನೋಡಿ.

ಹಂತ 5: ಕುತ್ತಿಗೆ, ಡ್ರೇನ್, ರಕ್ತಸ್ರಾವ

ಕುತ್ತಿಗೆಯಿಂದ ಹೊರಬಂದ ಕೊಳವೆಗಳ ತುದಿಯ ಬಾಟಲಿಯಲ್ಲಿ ಎಳೆತ ಇರಬೇಕು, ಅಂದರೆ ಅದು ಅದುಮಿಕೊಂಡೇ ಇರಬೇಕು. ಉಬ್ಬಿದ್ದರೆ ಕೆಲಸ ನಿಂತಿದೆ ಎಂದರ್ಥ. ಮೊದಲ ದಿನ ಕೆಂಪು, ಆಮೇಲೆ ತಿಳಿ ಗುಲಾಬಿ, ಆಮೇಲೆ ಹುಲ್ಲಿನ ಬಣ್ಣ. ಎರಡು ವಿಷಯ ಹೆದರಿಸಬೇಕು: ಒಮ್ಮೆಲೇ ಕಡುಗೆಂಪು ರಕ್ತ ತುಂಬುವುದು, ಮತ್ತು ಬರುತ್ತಿದ್ದದ್ದು ಏಕಾಏಕಿ ನಿಂತು ಕುತ್ತಿಗೆ ಊದಿ ಬಿಗಿಯುವುದು. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ರಕ್ತ ಕಾಣುವುದಿಲ್ಲ. ಉಸಿರಿಗೆ ಒತ್ತಡ ಬಿದ್ದರೆ ಥಿಯೇಟರಿಗೆ ಕಾಯದೆ ಹಾಸಿಗೆಯಲ್ಲೇ ಹೊಲಿಗೆ ಬಿಡಿಸಬೇಕಾಗುತ್ತದೆ. ಹೊಲಿಗೆ ತೆಗೆಯುವ ಸಾಮಾನು ಪಕ್ಕದಲ್ಲೇ ಇರಲಿ.

ಆಹಾರ ಶುರುವಾದ ಮೇಲೆ ಡ್ರೇನಿನಲ್ಲಿ ಹಾಲಿನಂಥ ಬಿಳಿ ದ್ರವ ಕಂಡರೆ ಅದು ಕೀವಲ್ಲ. ಕುತ್ತಿಗೆಯ ಬುಡದಲ್ಲಿ, ಹೆಚ್ಚಾಗಿ ಎಡಬದಿಯಲ್ಲಿ, ಕೊಬ್ಬು ಒಯ್ಯುವ ನಾಳ ಸೋರುತ್ತಿರಬಹುದು. ಆಹಾರದಲ್ಲಿ ಕೊಬ್ಬು ಬದಲಿಸುವುದರಿಂದಲೇ ಹಲವರಿಗೆ ವಾಸಿಯಾಗುತ್ತದೆ, ಆದರೆ ಅದನ್ನು ಹೇಳಬೇಕು.

ಮೊದಲೇ ರೇಡಿಯೇಷನ್ ಆದವರಲ್ಲಿ, ಗಾಯದಿಂದ ಜೊಲ್ಲು ಸೋರುತ್ತಿರುವವರಲ್ಲಿ, ಕೆಲವು ದಿನಗಳ ನಂತರ ಕುತ್ತಿಗೆಯ ದೊಡ್ಡ ಅಪಧಮನಿ ಒಡೆಯುವ ಭಯ ಇರುತ್ತದೆ. ಅದಕ್ಕೆ ಮೊದಲು ಅನೇಕ ಸಲ ಒಂದು ಸಣ್ಣ ರಕ್ತಸ್ರಾವ ಬಂದು ತಾನೇ ನಿಲ್ಲುತ್ತದೆ. ದಿಂಬಿನ ಮೇಲೆ ಚಮಚದಷ್ಟು ಹೊಸ ರಕ್ತ ಕಂಡರೂ ಒರೆಸಿ ಸುಮ್ಮನಾಗಬೇಡಿ.

ಹಂತ 6: ರಕ್ತದೊತ್ತಡ, ದ್ರವ, ರಕ್ತ

ಇಲ್ಲಿ ಹದ ಮುಖ್ಯ. ಸರಾಸರಿ ರಕ್ತದೊತ್ತಡ 65ಕ್ಕಿಂತ ಮೇಲಿರಬೇಕು, ಮೂತ್ರ ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಯಾದರೂ ಬರಬೇಕು. ಫ್ಲಾಪಿಗೆ ರಕ್ತ ಹರಿಯಲಿ ಎಂದು ಡ್ರಿಪ್ ಮೇಲೆ ಡ್ರಿಪ್ ಹಾಕಿದರೆ ಫ್ಲಾಪೂ ಶ್ವಾಸಕೋಶವೂ ಊದುತ್ತವೆ. ಒತ್ತಡ ಏರಿಸುವ ಔಷಧ ಕೊಟ್ಟರೆ ಫ್ಲಾಪ್ ಸತ್ತೇಹೋಗುತ್ತದೆ ಎಂಬ ಹಳೆಯ ಭಯಕ್ಕೆ ಈಗ ಅಷ್ಟು ಆಧಾರವಿಲ್ಲ, ಅಗತ್ಯವಿದ್ದಷ್ಟು ಕೊಡುತ್ತಾರೆ. ರೋಗಿಯನ್ನು ಬೆಚ್ಚಗಿಡಿ, ಎಸಿ ಗಾಳಿ ನೇರ ಮೈಮೇಲೆ ಬೀಳದಿರಲಿ. ಹಿಮೋಗ್ಲೋಬಿನ್ 7–8ರವರೆಗೆ ಇಳಿದರೂ ತೊಂದರೆ ಇಲ್ಲದಿದ್ದರೆ ರಕ್ತ ಏರಿಸುವುದಿಲ್ಲ. "ರಕ್ತ ಹಾಕಿ ಸಾರ್, ಶಕ್ತಿ ಬರುತ್ತದೆ" ಎಂದು ಒತ್ತಾಯಿಸುವುದು ಬೇಡ. ಆಂಟಿಬಯೋಟಿಕ್ ಕೂಡ ಸಾಮಾನ್ಯವಾಗಿ 24 ಗಂಟೆಗಳಿಗೆ ಸಾಕು. ವಾರಗಟ್ಟಲೆ ಕೊಟ್ಟರೆ ಸೋಂಕು ಕಡಿಮೆಯಾಗುವುದಿಲ್ಲ, ಔಷಧಕ್ಕೆ ಬಗ್ಗದ ಸೋಂಕು ಹುಟ್ಟುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಯ ಚರ್ಮಕ್ಕೆ ಚುಚ್ಚುಮದ್ದು ಕೊಡುತ್ತಾರೆ, ಅದನ್ನು ತಪ್ಪಿಸಬಾರದು.

ಹಂತ 7: ನೋವು, ನಿದ್ರೆ, ಭ್ರಮೆ

ಮಾತು ಬಾರದವರ ನೋವನ್ನು ಮುಖ ನೋಡಿ ಅಳೆಯುವುದೂ ಕಷ್ಟ, ಮುಖವೇ ಊದಿದೆ. ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳನ್ನು ಬೆರಳಿನಲ್ಲಿ ತೋರಿಸಲು ಹೇಳಿ. ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್, ಬೇಕಾದಾಗ ಸ್ವಲ್ಪ ಮಾರ್ಫಿನ್ ಜಾತಿಯ ಔಷಧ ಎಂಬುದು ಒಳ್ಳೆಯ ಕ್ರಮ.

ಕುಡಿತ ಬಿಟ್ಟ ಲಕ್ಷಣ 6ರಿಂದ 24 ಗಂಟೆಯೊಳಗೆ ನಡುಕ, ಬೆವರಾಗಿ ಶುರುವಾಗುತ್ತದೆ. 48–72 ಗಂಟೆಗೆ ಪೂರ್ಣ ಭ್ರಮೆ ಬರಬಹುದು. ಆದರೆ ಚಡಪಡಿಸುವವರೆಲ್ಲ ಕುಡುಕರಲ್ಲ. ಹೊಸ ಚಡಪಡಿಕೆ ಕಂಡರೆ ಮೊದಲು ನೋಡಬೇಕಾದ್ದು ಆಮ್ಲಜನಕ, ನಳಿಕೆ, ಕುತ್ತಿಗೆಯ ಊತ. ನಂತರ ಸಕ್ಕರೆ, ತುಂಬಿದ ಮೂತ್ರಚೀಲ, ನೋವು. ಇವೆಲ್ಲ ನೋಡುವ ಮೊದಲೇ ನಿದ್ರೆಯ ಇಂಜೆಕ್ಷನ್ ಕೊಟ್ಟರೆ ಉಸಿರುಕಟ್ಟಿದ ಮನುಷ್ಯನನ್ನು ಮಲಗಿಸಿದಂತಾಗುತ್ತದೆ. ಕುಡಿತದ ಇತಿಹಾಸವಿದ್ದವರಿಗೆ ಥಯಮಿನ್ (ವಿಟಮಿನ್ ಬಿ1) ಮೊದಲೇ ಶುರುವಾಗಿರಬೇಕು. ರಾತ್ರಿ ದೀಪ ತಗ್ಗಿಸಿ, ಹಗಲು ಕನ್ನಡಕ ಹಾಕಿಸಿ, ಇವತ್ತು ಯಾವ ವಾರ ಎಂದು ಹೇಳಿ. ಭೇಟಿಯ ಹೊತ್ತಿನಲ್ಲಿ ಮಗಳು ಬಂದು "ಅಪ್ಪಾ, ನಾನು ಹೊರಗೇ ಇದ್ದೇನೆ" ಎಂದು ಕೈ ಹಿಡಿದರೆ ಅದು ಯಾವ ಔಷಧಕ್ಕೂ ಕಡಿಮೆಯಲ್ಲ. ಕಂಬಳಿಯ ಒಳಗೆ ಕೈ ಸೇರಿಹೋದರೆ ಕರೆಗಂಟೆ ಸಿಗುವುದಿಲ್ಲ. ಗಂಟೆ ಕೈಯಲ್ಲೇ ಇದೆಯೇ ನೋಡಿಕೊಂಡು ಬನ್ನಿ.

ಹಂತ 8: ಊಟ

ಬಾಯಿಯ ಹೊಲಿಗೆ ಕೂಡುವವರೆಗೆ ಆಹಾರ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಿಂದ. ತುದಿ ಹೊಟ್ಟೆಯಲ್ಲಿದೆ ಎಂದು ಎಕ್ಸ್‌ರೇಯಿಂದ ಖಚಿತವಾದ ಮೇಲೆ, ಸಾಮಾನ್ಯವಾಗಿ 24 ಗಂಟೆಯೊಳಗೆ, ಸ್ವಲ್ಪ ಸ್ವಲ್ಪವಾಗಿ ಶುರುಮಾಡುತ್ತಾರೆ. ಪ್ರತಿ ಸಲ ಮೂಗಿನ ಬಳಿಯ ಗುರುತು ಸರಿದಿಲ್ಲವೇ ನೋಡಿ, ತಲೆ ಎತ್ತರಿಸಿ ಕೊಟ್ಟು, ಕೊನೆಗೆ 30 ಮಿಲಿ ನೀರಿನಿಂದ ತೊಳೆಯಬೇಕು. ಆಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು. ಟ್ಯೂಬು ಕಿತ್ತುಬಂದರೆ ಯಾರೂ ಸುಮ್ಮನೆ ಹಿಂದಕ್ಕೆ ತಳ್ಳಬಾರದು. ಗಂಟಲಿನ ಹೊಸ ಹೊಲಿಗೆಯನ್ನೇ ಅದು ಹರಿದು ಹೋಗಬಹುದು. ಶಸ್ತ್ರಚಿಕಿತ್ಸಕರನ್ನೇ ಕರೆಯಿರಿ.

ಎಷ್ಟು ಬೇಕು? ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 25–30 ಕ್ಯಾಲೊರಿ, 1.2–1.5 ಗ್ರಾಂ ಪ್ರೋಟೀನ್. ಅರವತ್ತು ಕಿಲೋದವರಿಗೆ 1,500–1,800 ಕ್ಯಾಲೊರಿ, 72–90 ಗ್ರಾಂ ಪ್ರೋಟೀನ್. ಮನೆಯಿಂದ ಬರುವ ಗಂಜಿತಿಳಿ, ಎಳನೀರು, ಮೂಸಂಬಿ ರಸದಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಹಾಲೊಂದರಿಂದಲೇ ಈ ಲೆಕ್ಕ ತುಂಬಿಸಬೇಕಾದರೆ ಎರಡು ಲೀಟರಿಗೂ ಮೇಲೆ ಬೇಕು. ಆದ್ದರಿಂದ ಐಸಿಯುನಲ್ಲಿ ಆಹಾರತಜ್ಞರು ಕೊಡುವ ಪುಡಿಯ ಆಹಾರವೇ ಇರಲಿ. ವಾರ್ಡಿಗೆ ಬಂದ ಮೇಲೆ ರಾಗಿ ಗಂಜಿ, ಹಾಲು, ಬೇಯಿಸಿದ ಬೇಳೆ, ಮೊಟ್ಟೆಯನ್ನು ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ ಸೇರಿಸಬಹುದು. ಸೋಸದಿದ್ದರೆ ಟ್ಯೂಬು ಕಟ್ಟುತ್ತದೆ.

ತಿಂಗಳುಗಟ್ಟಲೆ ಸರಿಯಾಗಿ ಉಣ್ಣಲಾಗದೆ ಸೊರಗಿ ಬಂದವರಿಗೆ ಒಮ್ಮೆಲೇ ಪೂರ್ಣ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯದ ಲಯವೇ ತಪ್ಪಬಹುದು. ಅವರಿಗೆ ಕಡಿಮೆಯಿಂದ ಶುರುಮಾಡಿ, ದಿನವೂ ರಕ್ತ ಪರೀಕ್ಷಿಸುತ್ತಾ ಏರಿಸುವುದೇ ಸರಿ. ಥೈರಾಯ್ಡ್ ಕೂಡ ತೆಗೆದಿದ್ದರೆ ಕ್ಯಾಲ್ಸಿಯಂ ಕೂಡ ನೋಡಬೇಕು. ತುಟಿ, ಬೆರಳು ಜುಮ್ಮೆನ್ನುವುದು ಅದು ಇಳಿದ ಮೊದಲ ಸುಳಿವು.

ಹಂತ 9: ಬಾಯಿ ಸ್ವಚ್ಛತೆ, ಎದ್ದು ಕೂರುವುದು

ಬಾಯಿಯಲ್ಲಿ ಜೊಲ್ಲು, ರಕ್ತ ನಿಂತರೆ ಹೊಲಿಗೆಯೂ ಕೊಳೆಯುತ್ತದೆ, ಶ್ವಾಸಕೋಶಕ್ಕೂ ಇಳಿಯುತ್ತದೆ. ಶಸ್ತ್ರಚಿಕಿತ್ಸಕರು ಹೇಳಿದ ದ್ರವದಿಂದ ದಿನಕ್ಕೆ ನಾಲ್ಕಾರು ಸಲ ಮೆಲ್ಲಗೆ ತೊಳೆದು, ಮೆತ್ತನೆಯ ಸಕ್ಷನ್‌ನಿಂದ ಎಳೆಯಬೇಕು. ಹೊಲಿಗೆಯ ಮೇಲೆ ಬ್ರಶ್ ಬೇಡ.

ಮರುದಿನವೇ ಹಾಸಿಗೆಯ ಅಂಚಿಗೆ, ಸಾಧ್ಯವಾದರೆ ಕುರ್ಚಿಗೆ. ಇಷ್ಟು ದೊಡ್ಡ ಆಪರೇಷನ್ ಆದವರನ್ನು ಏಳಿಸುತ್ತೀರಾ ಎಂದು ಮನೆಯವರು ಗಾಬರಿಯಾಗುತ್ತಾರೆ. ಕೊಯ್ದದ್ದು ಕುತ್ತಿಗೆಯನ್ನು, ಕಾಲನ್ನಲ್ಲ. ಫಿಬುಲಾ ತೆಗೆದಿದ್ದರೆ ಮಾತ್ರ ಆ ಕಾಲಿನ ಮೇಲೆ ಯಾವಾಗ ಭಾರ ಹಾಕಬಹುದು ಎಂದು ಕೇಳಿಕೊಳ್ಳಬೇಕು.

ಹಂತ 10: ವಾರ್ಡಿಗೆ ಹೋಗುವಾಗ

ಉಸಿರು ಸರಾಗ, ಫ್ಲಾಪ್ ಸ್ಥಿರ, ಡ್ರೇನ್ ಇಳಿಮುಖ, ಮನಸ್ಸು ಹತೋಟಿಯಲ್ಲಿ ಎಂದಾದರೆ ಬಹಳ ಜನ ಒಂದೆರಡು ದಿನದಲ್ಲೇ ಐಸಿಯುನಿಂದ ಹೊರಬರುತ್ತಾರೆ. ನನಗೆ ಐಸಿಯುಗಿಂತ ಹೆಚ್ಚು ಆತಂಕ ಈ ಮೊದಲ ವಾರ್ಡ್ ರಾತ್ರಿಯದು. ಒಬ್ಬ ಸಿಸ್ಟರ್ ಒಬ್ಬಿಬ್ಬರನ್ನು ನೋಡುತ್ತಿದ್ದ ಜಾಗದಿಂದ ಇಪ್ಪತ್ತು ಮೂವತ್ತು ಜನರ ವಾರ್ಡಿಗೆ ಬಂದಿದ್ದೀರಿ, ರೋಗಿಗೆ ಇನ್ನೂ ದನಿ ಬಂದಿಲ್ಲ.

ಆದ್ದರಿಂದ ಸ್ಥಳಾಂತರಕ್ಕೆ ಮೊದಲು ಮನೆಯವರಲ್ಲಿ ಇಬ್ಬರಾದರೂ ಸಕ್ಷನ್ ಮಾಡುವುದು, ಒಳನಳಿಕೆ ತೆಗೆದು ತೊಳೆದು ಹಾಕುವುದು, ಟ್ಯೂಬಿನಲ್ಲಿ ಆಹಾರ ಕೊಡುವುದನ್ನು ಸಿಸ್ಟರ್ ಮುಂದೆ ತಾವೇ ಮಾಡಿ ತೋರಿಸಿರಬೇಕು, ಬರೀ ನೋಡಿದ್ದರೆ ಸಾಲದು. ನಳಿಕೆಯನ್ನು ಯಾವಾಗ ತೆಗೆಯುತ್ತಾರೆ ಎಂದು ಕೇಳಿ: ಊತ ಇಳಿದು, ಕೆಮ್ಮಲು ಬಂದು, ಮುಚ್ಚಳ ಹಾಕಿ ನೋಡಿದಾಗ ಒಂದು ದಿನ ಆರಾಮವಾಗಿ ಉಸಿರಾಡಿದರೆ ತೆಗೆಯುವ ಯೋಚನೆ ಮಾಡುತ್ತಾರೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಸಿಕೊಂಡವರ ಕುತ್ತಿಗೆಗೆ ಮಾತ್ರ ಎಂದಿಗೂ ಮುಚ್ಚಳ ಹಾಕಬಾರದು. ಅವರು ಮತ್ತೆ ಮಾತಾಡುವ ದಾರಿಗಳು ಬೇರೆ ಇವೆ. ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ರೂಪಿಸಿದ ಕಡಿಮೆ ಬೆಲೆಯ 'ಓಂ' ಧ್ವನಿ ಸಾಧನ ಅವುಗಳಲ್ಲೊಂದು; ವಾಕ್ ತಜ್ಞರ ಭೇಟಿಗೆ ಈಗಲೇ ಹೆಸರು ಬರೆಸಿ.

ವಾರ್ಡಿನ ಹಾಸಿಗೆ ತಲುಪಿದ ಕೂಡಲೇ ಮನೆಯವರು ನೋಡಬೇಕಾದ್ದು ಮೂರು: ಗೋಡೆಯ ಸಕ್ಷನ್ ಎಳೆಯುತ್ತಿದೆಯೇ, ಬದಲಿ ನಳಿಕೆಗಳ ಪೊಟ್ಟಣ ಐಸಿಯುನಲ್ಲೇ ಉಳಿಯದೆ ಜೊತೆಗೆ ಬಂದಿದೆಯೇ, ರಾತ್ರಿ ಪಾಳಿಯ ಸಿಸ್ಟರ್‌ಗೆ ಈ ರೋಗಿ ಕೂಗಲಾರರು ಎಂಬುದು ಗೊತ್ತಿದೆಯೇ.